ಮನೆ ರಿಪೇರಿ: ಯಾವುದಕ್ಕೆ ನಾವೇ ಕೈ ಹಾಕಬಹುದು, ಯಾವುದಕ್ಕೆ ಬೇಡ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೇಸ್ತ್ರಿ ಅಲ್ಲ, ಇಂಜಿನಿಯರೂ ಅಲ್ಲ. ಮೈಸೂರಿನಲ್ಲಿ ಇಪ್ಪತ್ತೈದು ವರ್ಷ ಹಳೆಯದಾದ ಒಂದು ತಾರಸಿ ಮನೆ, ತೀರ್ಥಹಳ್ಳಿ ಕಡೆ ಅಪ್ಪನ ಕಾಲದ ಒಂದು ಹೆಂಚಿನ ಮನೆ. ಎರಡರ ಉಸ್ತುವಾರಿಯೂ ನನ್ನ ತಲೆ ಮೇಲಿದೆ. ಒಂದು ಕಡೆ ನಲ್ಲಿ ಸರಿ ಮಾಡಿ ಬರುವಷ್ಟರಲ್ಲಿ ಇನ್ನೊಂದು ಕಡೆ ಹೆಂಚು ಜಾರಿರುತ್ತದೆ. ನೆಂಟರು, ಪಕ್ಕದ ಮನೆಯವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಒಂದು ಕೆಲಸ ನನ್ನಿಂದ ಆಗುತ್ತದೋ ಇಲ್ಲವೋ, ಹೇಗೆ ತಿಳಿಯುವುದು?

ಯೂಟ್ಯೂಬ್ ನೋಡಿದರೆ ಎಲ್ಲವೂ ಆಗುತ್ತದೆ ಅನ್ನಿಸುತ್ತದೆ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾನು ಇದನ್ನು ಕೆಡಿಸಿದರೆ, ಕೆಟ್ಟದ್ದು ಯಾವಾಗ ಗೊತ್ತಾಗುತ್ತದೆ?

ಗೋಡೆಗೆ ಬಣ್ಣ ಪಟ್ಟೆಪಟ್ಟೆಯಾಗಿ ಬಂದರೆ ಅವತ್ತೇ ಕಾಣುತ್ತದೆ, ಇನ್ನೊಂದು ಕೋಟ್ ಹೊಡೆದರೆ ಆಯಿತು. ನಲ್ಲಿಯ ವಾಷರ್ ತಪ್ಪಾಗಿ ಕೂತರೆ ವಾಲ್ ತೆರೆದ ತಕ್ಷಣ ಹನಿ ಬೀಳುತ್ತದೆ. ಇವು ನಮ್ಮ ಕೆಲಸ. ಆದರೆ ಗೋಡೆಯೊಳಗಿನ ಪೈಪಿನ ಜಾಯಿಂಟ್ ಸರಿಯಾಗಿ ಅಂಟದಿದ್ದರೆ ಟೈಲ್ಸ್ ಹಾಕಿ ಮುಚ್ಚಿ ಆರು ತಿಂಗಳಾದ ಮೇಲೆ ಪಕ್ಕದ ರೂಮಿನ ಗೋಡೆ ಒದ್ದೆಯಾಗುತ್ತದೆ. ವೈರಿನ ಜಾಯಿಂಟ್ ಸಡಿಲವಿದ್ದರೆ ಲೈಟು ಚೆನ್ನಾಗಿಯೇ ಉರಿಯುತ್ತಿರುತ್ತದೆ, ಒಳಗೆ ಮಾತ್ರ ದಿನಾ ಬಿಸಿಯಾಗಿ ಕರಗುತ್ತಿರುತ್ತದೆ. ತಪ್ಪು ಅಡಗಿ ಕೂರುವ ಇಂಥ ಕೆಲಸಗಳನ್ನು ದುಡ್ಡು ಕೊಟ್ಟು ಮಾಡಿಸುತ್ತೇನೆ. ಕೆಲಸ ಸುಲಭವೋ ಕಷ್ಟವೋ ಅನ್ನುವುದು ಆಮೇಲಿನ ಮಾತು. ವೈರ್ ಸುತ್ತುವುದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ, ಅಲ್ವಾ?

ನಲ್ಲಿ ಸೋರುತ್ತಿದೆ. ಪ್ಲಂಬರ್ ಬರುತ್ತೇನೆ ಅಂತ ಹೇಳಿ ನಾಲ್ಕು ದಿನ ಆಯಿತು.

ಇದನ್ನು ನೀವೇ ಮಾಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 86,400 ಹನಿ. ಕಡಿಮೆ ಎಂದರೂ 4 ಲೀಟರ್ ನೀರು ಸುಮ್ನೆ ಹೋಗುತ್ತದೆ.

ಮೊದಲು ಆ ನಲ್ಲಿಗೆ ನೀರು ಬರುವ ವಾಲ್ ಬಂದ್ ಮಾಡಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿಯಾಗಲಿ. ಹಳೆಯ ಕಾಲದ, ಮೂರ್ನಾಲ್ಕು ಸುತ್ತು ತಿರುಗಿಸುವ ನಲ್ಲಿಯಾದರೆ ಒಳಗೆ ರಬ್ಬರ್ ವಾಷರ್ ಇರುತ್ತದೆ. ಅದು ಸವೆದಿರುತ್ತದೆ, ಅಷ್ಟೆ. ಕಾಲು ಸುತ್ತಿಗೆ ನೀರು ಬರುವ ಹೊಸ ನಲ್ಲಿಯಾದರೆ ವಾಷರ್ ಹುಡುಕಬೇಡಿ. ಒಳಗೆ ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತದೆ, ಅದನ್ನು ಇಡಿಯಾಗಿ ಬದಲಿಸಬೇಕು. ಹಳೆಯದನ್ನು ಬಿಚ್ಚಿ ಅಂಗಡಿಗೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಬಾಯಲ್ಲಿ ವರ್ಣಿಸಿ ತಂದದ್ದು ಹತ್ತರಲ್ಲಿ ಎಂಟು ಸಲ ಕೂರುವುದಿಲ್ಲ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಆ ಬಿಲ್ಲೆಗಳ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಒಮ್ಮೊಮ್ಮೆ ನಿಂಬೆರಸವೋ ವಿನೆಗರೋ ಹಾಕಿ ನೆನೆಸಿಟ್ಟರೆ ಅದೇ ಕಾರ್ಟ್ರಿಜ್ ಮತ್ತೆ ಬಾಳುತ್ತದೆ.

ಇಡೀ ನಲ್ಲಿ ಬದಲಿಸುವುದಾದರೆ ನೀರು ಸೋರದಂತೆ ಸುತ್ತುವ ತೆಳು ಟೆಫ್ಲಾನ್ ಟೇಪ್ ಬೇಕು. ನಲ್ಲಿಯ ಮರೆಗಳು (ಸ್ಕ್ರೂವಿನಲ್ಲಿರುವಂಥ ಸುರುಳಿ ಗೆರೆಗಳು) ನಿಮ್ಮ ಮುಖದ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಒಂದು ಎಚ್ಚರಿಕೆ ಇದೆ. ಹಳೆಯ ನಲ್ಲಿ ತುಕ್ಕು ಹಿಡಿದು ಅಲ್ಲಾಡದಿದ್ದರೆ ಪೈಪ್ ರೆಂಚ್ ಹಾಕಿ ಜೋತುಬೀಳಬೇಡಿ. ನಲ್ಲಿಯ ಬದಲು ಗೋಡೆಯೊಳಗಿನ ಪೈಪ್ ತಿರುಚಿಕೊಂಡರೆ ಕೆಲಸ ನಿಮ್ಮ ಕೈ ದಾಟಿತು.

ವಾಲ್ ಬಂದ್ ಮಾಡಿ ಅಂದಿರಿ. ನಮ್ಮನೆಯಲ್ಲಿ ವಾಲ್ ಎಲ್ಲಿದೆ ಅಂತಲೇ ಗೊತ್ತಿಲ್ಲ.

ಹಾಗಾದರೆ ಇವತ್ತಿನ ಕೆಲಸ ಅದೇ. ಟ್ಯಾಂಕಿನ ಬುಡಕ್ಕೆ ಹೋಗಿ ಯಾವ ಪೈಪ್ ಯಾವ ಕಡೆ ಇಳಿಯುತ್ತದೆ ನೋಡಿ. ಒಬ್ಬರು ಮೇಲೆ ವಾಲ್ ಮುಚ್ಚಿ, ಇನ್ನೊಬ್ಬರು ಕೆಳಗೆ ನಲ್ಲಿ ತೆರೆದು ಕೂಗಿ ಹೇಳಲಿ. ಪೈಪಿನ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ‘ಅಡುಗೆಮನೆ’, ‘ಕೆಳಗಿನ ಬಾತ್‌ರೂಮ್’ ಎಂದು ಬರೆದಿಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಂದು ಭಾನುವಾರ ಬಾತ್‌ರೂಮಿನಲ್ಲಿ ಕನ್ನಡಿ ನೇತುಹಾಕಲು ಡ್ರಿಲ್ ಹಿಡಿದೆ. ಟೈಲ್ಸ್ ದಾಟಿ ಎರಡು ಇಂಚು ಹೋಗುವಷ್ಟರಲ್ಲಿ ಮುಖಕ್ಕೆ ನೀರು. ಗೀಸರ್‌ಗೆ ಹೋಗುವ ಪೈಪಿಗೇ ತೂತು ಬಿದ್ದಿತ್ತು. ಮಹಡಿಗೆ ಓಡಿದರೆ ಗೇಟ್ ವಾಲ್ ಹದಿನೈದು ವರ್ಷದಿಂದ ಯಾರೂ ಮುಟ್ಟದೆ ಗಟ್ಟಿಯಾಗಿ ಕೂತಿತ್ತು. 1000 ಲೀಟರ್ ಟ್ಯಾಂಕ್ ಅಷ್ಟೂ ಬಾತ್‌ರೂಮಿನಲ್ಲಿ ಖಾಲಿಯಾಯಿತು. ಪ್ಲಂಬರ್ ಸೋಮವಾರ ಬಂದು ಎರಡು ಟೈಲ್ಸ್ ಒಡೆದು ಸರಿ ಮಾಡಿದರು. ಅದೇ ಬಣ್ಣದ ಟೈಲ್ಸ್ ಇಡೀ ಊರಿನಲ್ಲಿ ಸಿಗಲಿಲ್ಲ. ಈಗಲೂ ಆ ಕನ್ನಡಿಯ ಹಿಂದೆ ಎರಡು ಬೇರೆ ಬಣ್ಣದ ಟೈಲ್ಸ್ ಇವೆ. ನೆಂಟರು ಬಂದಾಗ ಮನೆಯವಳು ಅದನ್ನು ತಪ್ಪದೆ ತೋರಿಸುತ್ತಾಳೆ. ಅಂದಿನಿಂದ ಮೂರು ತಿಂಗಳಿಗೊಮ್ಮೆ ಎಲ್ಲ ವಾಲ್‌ಗಳನ್ನೂ ಒಮ್ಮೆ ಮುಚ್ಚಿ ತೆರೆಯುತ್ತೇನೆ.

ಹಾಗಾದರೆ ಗೋಡೆಗೆ ಡ್ರಿಲ್ ಮಾಡಲೇಬಾರದಾ?

ಮಾಡಿ. ಆದರೆ ಎಲ್ಲಿ ಎಂದು ನೋಡಿ ಮಾಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವೈರಿಂಗ್ ಪೈಪ್ ಇದೆ ಎಂದೇ ತಿಳಿಯಿರಿ. ನಲ್ಲಿ, ಶವರ್, ಗೀಸರ್ ಇರುವ ಗೋಡೆಯಲ್ಲಿ ನೀರಿನ ಪೈಪ್ ಮೇಲೆ ಕೆಳಗೆ ಮಾತ್ರ ಅಲ್ಲ, ಅಡ್ಡಡ್ಡವೂ ಹೋಗಿರುತ್ತದೆ. ಬಾತ್‌ರೂಮ್ ಗೋಡೆಗೆ ಈಗ ನಾನು ಅಂಟಿಸುವ ಕೊಕ್ಕೆಗಳನ್ನೇ ಬಳಸುತ್ತೇನೆ.

ಉಳಿದ ಕಡೆ 6 ಎಂಎಂ ಬಿಟ್, ಅದಕ್ಕೆ ಸರಿಯಾದ ಪ್ಲಾಸ್ಟಿಕ್ ಪ್ಲಗ್, ಸ್ಕ್ರೂ ಸಾಕು. ಟೈಲ್ಸ್ ಮೇಲೆ ಮೊದಲು ಪೇಪರ್ ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಮೋಡ್ ಆಫ್ ಮಾಡಿ, ನಿಧಾನವಾಗಿ ಟೈಲ್ಸ್ ದಾಟಿದ ಮೇಲೆ ಹ್ಯಾಮರ್ ಹಾಕಿ. ಬಿಟ್ ಗಟ್ಟಿಯಾದ ಏನಕ್ಕೋ ತಾಗಿ ಮುಂದೆ ಹೋಗದಿದ್ದರೆ ಅದು ಪಿಲ್ಲರಿನ ಕಬ್ಬಿಣ ಇರಬಹುದು. ಜಾಗ ಬದಲಿಸಿ. ಹಾಲೋ ಬ್ಲಾಕ್ ಗೋಡೆಯಲ್ಲಿ ಬಿಟ್ ದಿಢೀರನೆ ಒಳಗೆ ಹೋದರೆ ಅಲ್ಲಿ ಟೊಳ್ಳು. ಫೋಟೋ ಹಾಕಬಹುದು, ಟಿವಿ ಬೇಡ.

ಎಲೆಕ್ಟ್ರಿಕ್ ಕೆಲಸದಲ್ಲಿ ಎಲ್ಲಿಯವರೆಗೆ ಹೋಗಬಹುದು?

ಬಲ್ಬ್, ಟ್ಯೂಬ್‌ಲೈಟ್, ಪ್ಲಗ್‌ಟಾಪ್, ಕಾಲಿಂಗ್ ಬೆಲ್ಲಿನ ಬ್ಯಾಟರಿ. ಸ್ವಲ್ಪ ಧೈರ್ಯ ಇದ್ದವರು ಒಂದು ಕೆಟ್ಟ ಸ್ವಿಚ್ ಬದಲಿಸಬಹುದು. ನನ್ನ ಗೆರೆ ಅಲ್ಲಿಗೆ ಮುಗಿಯುತ್ತದೆ.

ಆ ಸ್ವಿಚ್ಚಿಗೂ ಒಂದು ಮಾತು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಯುಪಿಎಸ್ ಇದೆ. ಮೇನ್ ಆಫ್ ಮಾಡಿದೆ, ಇನ್ನು ಕರೆಂಟ್ ಇಲ್ಲ ಎಂದು ಜನ ಬೋರ್ಡ್ ಬಿಚ್ಚುತ್ತಾರೆ. ಮೇನ್ ಹೋದ ಕೂಡಲೇ ಯುಪಿಎಸ್ ತನ್ನ ಕೆಲಸ ಶುರು ಮಾಡಿರುತ್ತದೆ. ಫ್ಯಾನು, ಲೈಟಿನ ಸರ್ಕ್ಯೂಟ್‌ಗಳಲ್ಲಿ ಅದೇ 230 ವೋಲ್ಟ್ ಹರಿಯುತ್ತಿರುತ್ತದೆ. ಇದು ಕೊಲ್ಲುವಂಥ ತಪ್ಪು. ಮೇನ್ ಆಫ್ ಮಾಡಿ, ಯುಪಿಎಸ್ ಆಫ್ ಮಾಡಿ. ಆಮೇಲೂ ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಆಫ್ ಮಾಡುವ ಮೊದಲೇ ಕರೆಂಟ್ ಇರುವ ಸಾಕೆಟ್ಟಿನಲ್ಲಿ ನೋಡಿಕೊಂಡಿರಬೇಕು. ಸೋಲಾರ್ ಪ್ಯಾನೆಲ್ ಇರುವ ಮನೆಯಾದರೆ ಬೋರ್ಡಿಗೆ ಕೈ ಹಾಕುವುದೇ ಬೇಡ.

ಫ್ಯಾನ್ ನಿಧಾನ ತಿರುಗುತ್ತಿದ್ದರೆ ಸಾಮಾನ್ಯವಾಗಿ ಕೆಪಾಸಿಟರ್ ಹೋಗಿರುತ್ತದೆ. ಚಿಕ್ಕ ಸಾಮಾನು, ಬದಲಿಸುವುದು ಹತ್ತು ನಿಮಿಷದ ಕೆಲಸ. ಆದರೂ ನಾನು ಕರೆಸುತ್ತೇನೆ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು, ಅದೂ ಸ್ಟೂಲಿನ ಮೇಲೆ ನಿಂತಾಗ ಕೈಗೆ ಹೊಡೆಯುತ್ತದೆ. ಬಿದ್ದರೆ ಸೊಂಟ.

ಹೊಸ ಪಾಯಿಂಟ್, ಹೊಸ ವೈರಿಂಗ್, ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬದಲಿಸುವುದು, ಲೋಡ್ ಹೆಚ್ಚಿಸುವುದು ಇವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರ ಕೆಲಸ. ಮೀಟರ್ ಮತ್ತು ಅದರ ಸೀಲ್ ನಿಮ್ಮದಲ್ಲ, ಬೆಸ್ಕಾಂ, ಸೆಸ್ಕ್, ಮೆಸ್ಕಾಂ ಹೀಗೆ ನಿಮ್ಮ ಕಡೆಯ ವಿದ್ಯುತ್ ಕಂಪನಿಯದು.

ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು 10 ಆಂಪ್ ತೆಗೆದು 20 ಆಂಪ್ ಹಾಕಿಸುವವರಿದ್ದಾರೆ. ವೈರ್ ಮಾತ್ರ ಅದೇ ಹಳೆಯ ಸಣ್ಣ ವೈರ್. ಈಗ ಎಂಸಿಬಿ ಬೀಳುವುದಿಲ್ಲ, ವೈರ್ ಸುಡುತ್ತದೆ.

ನಾನು ಮುಟ್ಟಬಹುದಾದದ್ದು ಏನೂ ಇಲ್ವಾ ಹಾಗಾದ್ರೆ?

ಒಂದಿದೆ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಬಿದ್ದು ಶಾಕ್‌ನಿಂದ ಕಾಪಾಡುವ ಸ್ವಿಚ್, ಇದೆಯಾ ನೋಡಿ. ‘30 ಎಂಎ’ ಎಂದಿರುತ್ತದೆ, ‘ಟೆಸ್ಟ್’ ಎಂಬ ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಟಪ್ ಎಂದು ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ಬರೀ ಅಲಂಕಾರ. ತಿಂಗಳಿಗೊಮ್ಮೆ ಒತ್ತಿ ನೋಡಿ. ಬೋರ್ಡಿನಲ್ಲಿ ಅದು ಇಲ್ಲವೇ ಇಲ್ಲ ಎಂದಾದರೆ, ಈ ವರ್ಷ ಮನೆಗೆ ಬಣ್ಣ ಹೊಡೆಸುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಮೊದಲು ಅದನ್ನು ಹಾಕಿಸಿ.

ಗೀಸರ್ ನಾನೇ ಕೂರಿಸಬಹುದಾ?

ಬೇಡ. 2000 ವಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. 6 ಆಂಪ್ ಸಾಕೆಟ್ಟಿಗೆ ಸಿಕ್ಕಿಸುವಂತಿಲ್ಲ. 16 ಆಂಪ್ ಪಾಯಿಂಟ್, ಅದಕ್ಕೆ ತಕ್ಕ ವೈರ್, ಸರಿಯಾದ ಅರ್ಥಿಂಗ್ ಬೇಕು. ಬಿಸಿನೀರಿನ ಪೈಪ್ ಬೇರೆಯೇ ಇರಬೇಕು. ತಣ್ಣೀರಿನ ಬಿಳಿ ಯುಪಿವಿಸಿ ಪೈಪ್ ಬಿಸಿನೀರಿಗೆ ಮೆತ್ತಗಾಗಿ ಬಾಗುತ್ತದೆ. ಕೆನೆಬಣ್ಣದ ಸಿಪಿವಿಸಿ ಹಾಕಬೇಕು, ಅದಕ್ಕೆ ಅಂಟೂ ಬೇರೆ. ಕರೆಂಟು, ನೀರು, ಒತ್ತಡ ಮೂರೂ ಒಂದೇ ಡಬ್ಬಿಯಲ್ಲಿ ಸೇರಿರುವ ವಸ್ತು ಅದು. ಸೇಫ್ಟಿ ವಾಲ್‌ನಿಂದ ಹನಿ ಬೀಳುತ್ತದೆ ಎಂದು ಎಂ-ಸೀಲ್ ಮೆತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒತ್ತಡ ಹೊರಹೋಗಲಿ ಎಂದೇ ಇರುವ ದಾರಿ ಅದು, ಮುಚ್ಚಿದರೆ ಗೀಸರ್ ಬಾಂಬ್ ಆಗುತ್ತದೆ.

ಗ್ಯಾಸ್?

ಸ್ಟವ್ ಒರೆಸಿ, ಬರ್ನರ್ ತೊಳೆಯಿರಿ, ಪಿನ್ನಿನಿಂದ ತೂತು ಬಿಡಿಸಿ. ಕೇಸರಿ ಟ್ಯೂಬಿನ ಮೇಲೆ ಅಚ್ಚಾದ ತಾರೀಕು ನೋಡಿ, 5 ವರ್ಷ ದಾಟಿದ್ದರೆ ಬದಲಿಸಿ. ಸೋರಿಕೆ ಇದೆಯಾ ಎಂದು ನೋಡಲು ಸೋಪಿನ ನೀರು ಸವರಿ, ಬೆಂಕಿಕಡ್ಡಿ ಗೀರಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ. ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸಿಲಿಂಡರನ್ನು ಮನೆಯ ಹೊರಗಿಟ್ಟು ಅಲ್ಲಿಂದ ಒಳಗೆ ಹೊಸದಾಗಿ ಪೈಪ್ ಎಳೆಯುವ ಕೆಲಸ ನಮ್ಮದಲ್ಲ.

ಬಣ್ಣ ನಾವೇ ಹೊಡೆದರೆ ಉಳಿತಾಯ ಆಗುತ್ತದಾ?

ಆಗುತ್ತದೆ, ಪೇಂಟಿಂಗ್‌ನಲ್ಲಿ ಕೂಲಿಯ ಪಾಲು ದೊಡ್ಡದು. ಆದರೆ ಇಡೀ ಮನೆ ಎಂದು ಶುರು ಮಾಡಬೇಡಿ. ಒಂದು ರೂಮ್ ಹಿಡಿಯಿರಿ. ಹತ್ತು ಅಡಿ, ಹನ್ನೆರಡು ಅಡಿಯ ರೂಮಿಗೆ ಗೋಡೆಯ ಎತ್ತರ ಹತ್ತು ಅಡಿ ಇದ್ದರೆ ನಾಲ್ಕೂ ಗೋಡೆ ಸೇರಿ 440 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 400. ಎರಡು ಕೋಟ್ ಎಂದರೆ 800. ಲೀಟರಿಗೆ ಎಷ್ಟು ಚದರ ಅಡಿ ಎಂದು ಡಬ್ಬಿಯ ಮೇಲೆ ಬರೆದಿರುವುದು ನಯವಾದ ಗೋಡೆಯ ಲೆಕ್ಕ. ನಮ್ಮ ಗೋಡೆಗಳಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ರೋಲರ್ ಹಿಡಿಯುವುದು ಖುಷಿಯ ಕೆಲಸ, ಅದಕ್ಕೆ ಎಲ್ಲರೂ ಮುಂದೆ. ನಿಜವಾದ ಕೆಲಸ ಇರುವುದು ಅದಕ್ಕೂ ಮುಂಚೆ. ಹಳೆಯ ಬಣ್ಣ ಕೆರೆಯಬೇಕು, ಬಿರುಕಿಗೆ ಪುಟ್ಟಿ ತುಂಬಬೇಕು, ಒಣಗಿದ ಮೇಲೆ ಉಜ್ಜುಕಾಗದ ಹಾಕಿ ತಿಕ್ಕಬೇಕು, ಪ್ರೈಮರ್ ಹೊಡೆಯಬೇಕು. ಪುಟ್ಟಿ ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಆ ಧೂಳು ಮೈದಾಹಿಟ್ಟಿನ ಹಾಗೆ ಮನೆಯೆಲ್ಲ ಹರಡುತ್ತದೆ. ಒಳಗಿನ ಗೋಡೆ ನೀವು ಮಾಡಿ. ಮೆಟ್ಟಿಲಿನ ಮೇಲಿನ ಎತ್ತರದ ಗೋಡೆ, ಹೊರಗೋಡೆ ಬೇಡ. ಅಲ್ಲಿ ಕೆಡುವುದು ಗೋಡೆಯಲ್ಲ, ನೀವು.

ಯುಗಾದಿ, ಗೌರಿ-ಗಣೇಶ, ದೀಪಾವಳಿಗೆ ಮುಂಚಿನ ದಿನಗಳಲ್ಲಿ ಪೇಂಟರ್ ಸಿಗುವುದಿಲ್ಲ. ಹಾಗಂತ ಜಡಿಮಳೆಯ ನಡುವೆ ನೀವೇ ಶುರು ಮಾಡಿದರೆ ಗೋಡೆ ಒಣಗುವುದಿಲ್ಲ.

ಗೋಡೆ ಉಪ್ಪು ಬಿಡುತ್ತಿದೆ, ಬಣ್ಣ ಹಪ್ಪಳದ ಹಾಗೆ ಏಳುತ್ತಿದೆ. ಮತ್ತೆ ಬಣ್ಣ ಹೊಡೆದರೆ ಸರಿಹೋಗುತ್ತದಾ?

ಹೋಗುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಆ ಜಾಗದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮುಖದಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮುಖದಲ್ಲಿ ಕೂತಿದ್ದರೆ ರೂಮಿನ ತೇವ, ಗಾಳಿ ಆಡುತ್ತಿಲ್ಲ ಎಂದರ್ಥ. ಈ ಪರೀಕ್ಷೆ ನಿಮ್ಮದು. ಗೋಡೆಯಿಂದ ಬರುತ್ತಿದೆ ಎಂದಾದರೆ ಗಾರೆ ಕೆಲಸದ ಮೇಸ್ತ್ರಿಯನ್ನೋ ಪ್ಲಂಬರನ್ನೋ ಕರೆಯಿರಿ. ಗೋಡೆಯ ಆಚೆ ಬದಿ ಬಾತ್‌ರೂಮ್ ಇದ್ದರೆ ಪ್ಲಂಬರ್ ಮೊದಲು.

ತಾರಸಿ ಸೋರಿದರೆ?

ಮೊದಲು ತಾರಸಿಗೆ ಹೋಗಿ ಮಳೆನೀರಿನ ಪೈಪಿನ ಬಾಯಿ ನೋಡಿ. ಎಲೆ, ಹಕ್ಕಿ ಗೂಡಿನ ಕಡ್ಡಿ, ಒಡೆದ ಹೂಕುಂಡದ ಮಣ್ಣು ಅಲ್ಲಿ ಕೂತಿರುತ್ತದೆ. ನೀರು ಅಲ್ಲೇ ನಿಂತು ಇಂಗುತ್ತದೆ. ಬರೀ ಕೈಯಿಂದ ಬಾಚಿ ತೆಗೆದು ಸೋರಿಕೆ ನಿಲ್ಲಿಸಿದ ಪ್ರಸಂಗಗಳಿವೆ.

ಸಣ್ಣ ಬಿರುಕು ತುಂಬಿ, ಎರಡು ಕೋಟ್ ವಾಟರ್‌ಪ್ರೂಫಿಂಗ್ ಹೊಡೆಯುವುದನ್ನು ನಾವೇ ಮಾಡಬಹುದು. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ತಾರಸಿ ಚೆನ್ನಾಗಿ ಒಣಗಿದ್ದಾಗ ಮಾಡಬೇಕು. ಈ ಕೆಲಸದ ಫಲಿತಾಂಶ ಮಾತ್ರ ಜೂನ್‌ನಲ್ಲಿ ಬರುತ್ತದೆ, ಪರೀಕ್ಷೆ ಬರೆದು ಕಾದ ಹಾಗೆ. ಒಳಗೆ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ನೀವೂ ಬೇಡ, ಮೇಸ್ತ್ರಿಯೂ ಬೇಡ, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.

ಹೆಂಚಿನ ಮನೆಯಾದರೆ?

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಹೆಂಚು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಇದು ಸುಮ್ನೆ ಚರಿತ್ರೆಯ ಮಾತಲ್ಲ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಹೆಂಚಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹೊಸದು ತಂದು ನಡುವೆ ಸಿಕ್ಕಿಸಿದರೆ ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಾಗಾಗಿ ಹೆಸರು ನೋಡಿ, ಅದೇ ಹೆಸರಿನ ಹಳೆಯ ಹೆಂಚನ್ನು ಕೆಡವಿದ ಮನೆಗಳಿಂದ ತಂದು ನಾನು ಕೊಟ್ಟಿಗೆಯಲ್ಲಿ ಐವತ್ತು ಇಟ್ಟುಕೊಂಡಿದ್ದೇನೆ.

ಒಳಗಿನಿಂದ ಏಣಿ ಹಾಕಿ ಕೈಗೆ ಸಿಗುವ ಒಂದೆರಡು ಹೆಂಚು ಬದಲಿಸಬಹುದು. ಮಳೆಗಾಲಕ್ಕೆ ಮುಂಚೆ ಇಡೀ ಮಾಡಿನ ಹೆಂಚು ಕೈಯಾಡಿಸುವುದು ಮಾತ್ರ ಗೊತ್ತಿದ್ದವರ ಕೆಲಸ. ಅವರು ರೀಪು (ಹೆಂಚು ಕೂರುವ ಮರದ ಪಟ್ಟಿ) ಎಲ್ಲಿದೆ ಎಂದು ಲೆಕ್ಕ ಹಾಕಿ ಕಾಲಿಡುತ್ತಾರೆ. ನಾವು ಹೋದರೆ ಒಂದು ಬದಲಿಸಿ ಹತ್ತು ಒಡೆಯುತ್ತೇವೆ. ನಮ್ಮೂರಿನಲ್ಲಿ ಈಗ ಅಂಥವರು ಇಬ್ಬರೇ ಉಳಿದಿದ್ದಾರೆ. ಏಪ್ರಿಲ್ ಮೊದಲ ವಾರವೇ ಹೇಳಿಡದಿದ್ದರೆ ಸಿಗುವುದಿಲ್ಲ.

ಸಿಮೆಂಟ್ ಶೀಟಿನ ಮೇಲಂತೂ ಹತ್ತಲೇಬೇಡಿ. ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟ ಕೂಡಲೇ ಒಡೆಯುತ್ತದೆ. ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಕೊರೆದರೆ, ಕತ್ತರಿಸಿದರೆ ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮಳೆಗಾಲದಲ್ಲಿ ಬಾಗಿಲು ಹಾಕಲು ಬರುವುದಿಲ್ಲ. ಕೀಸಿಬಿಡಲಾ?

ಜುಲೈಯಲ್ಲಿ ಕೀಸಿದರೆ ಮಾರ್ಚ್‌ನಲ್ಲಿ ಸಂದಿಯಿಂದ ಹಲ್ಲಿ ಓಡಾಡುತ್ತದೆ. ಮರ ನೀರು ಕುಡಿದು ಉಬ್ಬಿರುತ್ತದೆ, ಬೇಸಿಗೆಗೆ ತಾನೇ ಇಳಿಯುತ್ತದೆ. ಮೊದಲು ಮೇಲಿನ ಹಿಂಜಿನ ಸ್ಕ್ರೂ ನೋಡಿ. ಸಡಿಲವಾಗಿ ಬಾಗಿಲೇ ಇಳಿದಿರಬಹುದು. ತೂತಿಗೆ ಮರದ ಅಂಟು ಹಚ್ಚಿದ ಎರಡು ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿದರೆ ಬಿಗಿಯಾಗಿ ಕೂರುತ್ತದೆ. ಅಷ್ಟಾದರೂ ಉಜ್ಜುತ್ತಿದ್ದರೆ ಮೇಣದ ಬತ್ತಿ ತಿಕ್ಕಿ ಈ ಮಳೆಗಾಲ ಕಳೆಯಿರಿ.

ಸಿಂಕ್ ಕಟ್ಟಿಕೊಂಡಿದೆ. ಆಸಿಡ್ ಹಾಕಲಾ?

ಬೇಡ. ಸಿಂಕಿನ ಕೆಳಗೆ ಬಕೆಟ್ ಇಟ್ಟು, ಬಾಟಲಿಯಂತಿರುವ ಟ್ರ್ಯಾಪ್ ಕೈಯಲ್ಲೇ ತಿರುಗಿಸಿ ಬಿಚ್ಚಿ. ಅನ್ನ, ಜಿಡ್ಡು, ಕೆಲವೊಮ್ಮೆ ಕಳೆದುಹೋದ ಚಮಚ ಸಿಗುತ್ತದೆ. ಬಾತ್‌ರೂಮ್ ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಸಂಪ್ ತೊಳೆಯಲು ನಾನೇ ಇಳಿಯಬಹುದಾ?

ಬೇಡ, ಜೊತೆಗೆ ಇನ್ನೊಬ್ಬರಿದ್ದರೂ ಇಳಿಯಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ಟ್ಯಾಂಕಿನ ಕೆಲಸದವರು ಯಂತ್ರ ತಂದು ತೊಳೆಯುತ್ತಾರೆ, ಅವರಿಗೆ ಬಿಡಿ. ಸೆಪ್ಟಿಕ್ ಟ್ಯಾಂಕ್ ವಿಷಯದಲ್ಲಿ ನೀವೂ ಇಳಿಯುವಂತಿಲ್ಲ, ಇನ್ನೊಬ್ಬರನ್ನು ಇಳಿಸುವಂತೆಯೂ ಇಲ್ಲ. ರಕ್ಷಣಾ ಸಲಕರಣೆ ಇಲ್ಲದೆ ಜನರನ್ನು ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಸಕ್ಕಿಂಗ್ ಮಷಿನ್ ಲಾರಿ ಕರೆಸಿ.

ಅಡುಗೆಮನೆ ಗೋಡೆ ಒಡೆದು ಹಾಲ್‌ಗೆ ಸೇರಿಸಬೇಕು. ಸುತ್ತಿಗೆ ನನ್ನ ಹತ್ತಿರ ಇದೆ.

ಸುತ್ತಿಗೆ ಅಲ್ಲೇ ಇಡಿ. ಪಿಲ್ಲರ್ ಇಲ್ಲದ ಹಳೆಯ ಮನೆಗಳಲ್ಲಿ, ಸೈಜುಗಲ್ಲಿನ ಮನೆಗಳಲ್ಲಿ ಗೋಡೆಯೇ ಮಾಡನ್ನು ಹೊತ್ತಿರುತ್ತದೆ. ತೆಳುವಾದ ನಾಲ್ಕೂವರೆ ಇಂಚಿನ ಗೋಡೆ ಎಂದು ಕೂಡ ಧೈರ್ಯ ಮಾಡಬೇಡಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಪ್ಪಿಗೆಯೂ ಬೇಕು.

ಬಾಡಿಗೆ ಮನೆಯಲ್ಲಿ?

ಮೊಳೆ ಹೊಡೆಯುವ ಮೊದಲೂ ಓನರನ್ನು ಕೇಳಿ, ವಾಟ್ಸ್ಯಾಪ್‌ನಲ್ಲಿ ಕೇಳಿದರೆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ರೂಢಿ. ನೀವೇ ಚಂದವಾಗಿ ಬಣ್ಣ ಹೊಡೆದಿದ್ದರೂ ಹಿಡಿಯುತ್ತಾರೆ. ಆದ್ದರಿಂದ ಬಾಡಿಗೆ ಮನೆಯಲ್ಲಿ ನಲ್ಲಿ, ಸಿಂಕ್‌ಗೆ ನಿಮ್ಮ ರಿಪೇರಿ ನಿಲ್ಲಲಿ.

ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ. ಏನು ಮಾಡುವುದು?

ಅವರ ಕಡೆಯಿಂದ ನೋಡಿ. ಒಂದು ಸ್ವಿಚ್ ಬದಲಿಸಲು ಊರಿನ ಆ ತುದಿಯಿಂದ ಪೆಟ್ರೋಲ್ ಹಾಕಿಕೊಂಡು ಬರಬೇಕು. ನಾನು ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ಸಡಿಲ ಸಾಕೆಟ್, ನಿಧಾನದ ಫ್ಯಾನ್, ಮಂಕಾದ ಗೇಟ್ ಲೈಟ್ ಎಲ್ಲ ಅದರಲ್ಲಿ ಬರೆಯುತ್ತೇವೆ. ಐದಾರು ಸೇರಿದಾಗ ಎಲೆಕ್ಟ್ರಿಷಿಯನ್‌ಗೆ ಫೋನ್. ಅರ್ಧ ದಿನದ ಕೆಲಸ ಎಂದರೆ ಅವರೂ ಸಂತೋಷವಾಗಿ ಬರುತ್ತಾರೆ. ಬೇಕಾದ ಸಾಮಾನು ಯಾವುದು ಎಂದು ಮೊದಲೇ ಕೇಳಿ ತಂದಿಡಿ. ಇಲ್ಲದಿದ್ದರೆ ಅಂಗಡಿಗೆ ಹೋಗಿಬರುವುದರಲ್ಲೇ ಆ ಅರ್ಧ ದಿನ ಕಳೆಯುತ್ತದೆ.

ಬಂದಾಗ ಪಕ್ಕದಲ್ಲಿ ನಿಂತು ನೋಡಿ, ಕಾಫಿ ಕೊಟ್ಟು ಕೇಳಿ. ನನಗೆ ಟೆಫ್ಲಾನ್ ಸುತ್ತುವ ದಿಕ್ಕು ಹೇಳಿಕೊಟ್ಟದ್ದು ಆ ಸೋಮವಾರ ಬಂದ ಪ್ಲಂಬರೇ. ಗೋಡೆ ಒಡೆದಾಗ ಮುಚ್ಚುವ ಮೊದಲು ಪೈಪ್, ವೈರ್ ಎಲ್ಲಿ ಹೋಗಿದೆ ಎಂದು ಟೇಪ್ ಹಿಡಿದು ಅಳತೆ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಫೋನಿನಲ್ಲಿ ‘ಗೋಡೆ’ ಎಂಬ ಹೆಸರಿನ ಒಂದು ಆಲ್ಬಮ್ ಇದೆ. ಅದರ ಮೊದಲ ಫೋಟೋ ಕನ್ನಡಿಯ ಹಿಂದಿನ ಆ ಎರಡು ಟೈಲ್ಸಿನ ಜಾಗದ್ದು.